ರಿಪೋರ್ಟ್ ಎಲ್ಲ ನಾರ್ಮಲ್, ಆದರೂ ಹೊಟ್ಟೆನೋವು: ಮಕ್ಕಳ ‘ಫಂಕ್ಷನಲ್’ ತೊಂದರೆಗಳನ್ನು ಬೇರ್ಪಡಿಸುವ ಬಗೆ

ಎಂಟು ವರ್ಷದ ಹುಡುಗಿಯೊಬ್ಬಳು ಮೂರು ತಿಂಗಳಿಂದ ವಾರಕ್ಕೆರಡು ಸಲವಾದರೂ ಹೊಕ್ಕುಳ ಮೇಲೆ ಅಂಗೈಯಿಟ್ಟು ‘ಹೊಟ್ಟೆ ನೋವು’ ಎನ್ನುತ್ತಾಳೆ ಎಂದುಕೊಳ್ಳೋಣ. ರಕ್ತ, ಮೂತ್ರ, ಮಲ ಪರೀಕ್ಷೆಯಾಗಿದೆ, ಸ್ಕ್ಯಾನಿಂಗ್ ಕೂಡ ಆಗಿದೆ, ಎಲ್ಲದರಲ್ಲೂ ‘ನಾರ್ಮಲ್’ ಎಂದಿದೆ. ವೈದ್ಯರು ಫೈಲಿನಲ್ಲಿ ‘ಫಂಕ್ಷನಲ್’ ಎಂಬ ಪದವಿರುವ ಒಂದು ಸಾಲು ಬರೆದು ಕಳಿಸಿದ್ದಾರೆ. ಮನೆಗೆ ಬಂದ ಮೇಲೆ ಆ ಪದಕ್ಕೆ ನಾಲ್ಕು ಅರ್ಥ ಹುಟ್ಟುತ್ತವೆ: ಅಜ್ಜಿಗೆ ಅದು ಬಟ್ಟಿ ಜಾರಿದ್ದು, ಚಿಕ್ಕಪ್ಪನಿಗೆ ಜಂತುಹುಳು, ಅಪ್ಪನಿಗೆ ಶಾಲೆ ತಪ್ಪಿಸುವ ನೆಪ, ಅಮ್ಮನಿಗೆ ಸ್ಕ್ಯಾನಿಂಗ್ ಕಣ್ಣಿಗೆ ಬೀಳದೆ ಉಳಿದ ಯಾವುದೋ ದೊಡ್ಡ ಕಾಯಿಲೆ. ವೈದ್ಯಶಾಸ್ತ್ರ ಆ ಪದವನ್ನು ಈ ನಾಲ್ಕರಲ್ಲಿ ಯಾವ ಅರ್ಥದಲ್ಲೂ ಬಳಸುವುದಿಲ್ಲ. ಅಷ್ಟೇ ಅಲ್ಲದೆ, ‘ಫಂಕ್ಷನಲ್’ ಎಂಬುದು ಒಂದು ಕಾಯಿಲೆಯ ಹೆಸರೂ ಅಲ್ಲ. ಅದರೊಳಗೆ ಹತ್ತಕ್ಕಿಂತ ಹೆಚ್ಚು ಬೇರೆ ಬೇರೆ ತೊಂದರೆಗಳಿವೆ, ಒಂದರ ಔಷಧ ಇನ್ನೊಂದಕ್ಕೆ ಆಗಿಬರುವುದಿಲ್ಲ.

‘ಫಂಕ್ಷನಲ್’ ಎಂದರೆ ‘ಏನೂ ಇಲ್ಲ’ ಎಂದಲ್ಲ

ಒಂದು ವೀಣೆಯ ಬುರುಡೆ ಒಡೆದಿಲ್ಲ, ತಂತಿ ಕಡಿದಿಲ್ಲ, ಮೆಟ್ಟಿಲು ಸಡಿಲವಾಗಿಲ್ಲ, ಆದರೂ ಶ್ರುತಿ ತಪ್ಪಿರಬಹುದು. ಅದರ ಫೋಟೋ ತೆಗೆದರೆ ದೋಷ ಕಾಣುವುದಿಲ್ಲ, ನುಡಿಸಿದಾಗ ಮಾತ್ರ ತಿಳಿಯುತ್ತದೆ. ಅಂಗದ ರಚನೆ ಸರಿಯಿದ್ದು ಅದರ ಕೆಲಸದ ಕ್ರಮ ಹದ ತಪ್ಪಿದ್ದರೆ ಅದನ್ನು ಫಂಕ್ಷನಲ್, ಅಂದರೆ ಕ್ರಿಯಾತ್ಮಕ ತೊಂದರೆ ಎನ್ನುತ್ತಾರೆ. ಹುಣ್ಣು, ಊತ, ಗಡ್ಡೆ, ಸೋಂಕುಗಳಂತೆ ಕಣ್ಣಿಗೋ ಯಂತ್ರಕ್ಕೋ ಸಿಗುವ ದೋಷವಿದ್ದರೆ ಅದು ‘ಆರ್ಗ್ಯಾನಿಕ್’ ಕಾಯಿಲೆ. ಸ್ಕ್ಯಾನಿಂಗ್ ತೆಗೆಯುವುದು ಫೋಟೋವನ್ನಾದ್ದರಿಂದ, ಶ್ರುತಿ ತಪ್ಪಿದ್ದನ್ನು ಅದು ಹೇಳಲಾರದು.

ಜೀರ್ಣಾಂಗದಲ್ಲಿ ತಪ್ಪುವ ಶ್ರುತಿ ಸಾಮಾನ್ಯವಾಗಿ ಎರಡು ಬಗೆಯದು. ಮೊದಲನೆಯದು ಚಲನೆ: ಆಹಾರವನ್ನು ಮುಂದೆ ನೂಕುವ ಸ್ನಾಯುಗಳ ಅಲೆ ತೀರ ಚುರುಕಾಗಬಹುದು, ತೀರ ನಿಧಾನವಾಗಬಹುದು, ಇಲ್ಲವೇ ತಾಳ ತಪ್ಪಬಹುದು. ಎರಡನೆಯದು ಸಂವೇದನೆ. ಅನ್ನನಾಳದಿಂದ ಗುದದ್ವಾರದವರೆಗೆ ಜೀರ್ಣಾಂಗದ ಗೋಡೆಯಲ್ಲಿ ಹತ್ತು ಕೋಟಿಗೂ ಮಿಕ್ಕಿದ ನರಕೋಶಗಳ ಜಾಲವೊಂದಿದ್ದು, ಅದು ಮೆದುಳಿನೊಂದಿಗೆ ಎಡೆಬಿಡದೆ ಸುದ್ದಿ ವಿನಿಮಯ ಮಾಡಿಕೊಳ್ಳುತ್ತಿರುತ್ತದೆ. ಕರುಳು ಸ್ವಲ್ಪ ಹಿಗ್ಗಿದರೆ, ಒಂದಿಷ್ಟು ಗಾಳಿ ಸೇರಿದರೆ ಬಹುತೇಕ ಮಕ್ಕಳಿಗೆ ಅದರ ಅರಿವೇ ಆಗುವುದಿಲ್ಲ. ಕೆಲವರಲ್ಲಿ ಮಾತ್ರ ಈ ಜಾಲ, ಮದುವೆ ಮಂಟಪದಲ್ಲಿ ಯಾರೋ ವಾಲ್ಯೂಮ್ ಪೂರ್ತಿ ಏರಿಸಿಟ್ಟ ಮೈಕಿನಂತೆ, ಪಿಸುಮಾತನ್ನೂ ಗದ್ದಲ ಮಾಡಿ ಮೆದುಳಿಗೆ ಮುಟ್ಟಿಸುತ್ತದೆ. ಹಾಗೆ ಮುಟ್ಟಿದ ನೋವು ನಿಜವಾದ ನೋವೇ. ಮಗು ನಟಿಸುತ್ತಿಲ್ಲ.

ಮೈಕಿನ ಗುಂಡಿ ತಿರುಗಲು ಕಾರಣಗಳು ಹಲವು. ಜೋರಾದ ವಾಂತಿಭೇದಿಯೊಂದು ವಾಸಿಯಾದ ಮೇಲೂ ಕರುಳಿನ ನರಗಳು ತಿಂಗಳುಗಟ್ಟಲೆ ಎಚ್ಚರದ ಸ್ಥಿತಿಯಲ್ಲೇ ಉಳಿಯಬಹುದು. ಪರೀಕ್ಷೆಯ ಭಯ, ಶಾಲೆಯಲ್ಲಿ ಯಾರದೋ ಕಾಟ, ಮನೆಯ ಜಗಳ, ನಿದ್ರೆಗೇಡು ಇವು ಮೆದುಳಿನ ಕಡೆಯಿಂದ ಅದೇ ಗುಂಡಿಯನ್ನು ತಿರುಗಿಸುತ್ತವೆ. ಸೋಮವಾರ ಬೆಳಗ್ಗೆ ನೋವು ಹೆಚ್ಚು, ಭಾನುವಾರ ಕಡಿಮೆ ಎಂಬುದು ಮಗು ಸುಳ್ಳು ಹೇಳುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಕರುಳು ಮತ್ತು ಮೆದುಳಿನ ಮಾತುಕತೆ ಕೆಲಸ ಮಾಡುವ ರೀತಿಯೇ ಅದು.

ಬ್ರಿಸ್ಟಲ್‌ನಿಂದ ರೋಮ್‌ಗೆ

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮಕ್ಕಳ ವೈದ್ಯ ಜಾನ್ ಆ್ಯಪ್ಲಿ, ಸಹೋದ್ಯೋಗಿ ನೋರಾ ನೇಯ್ಷ್ ಅವರೊಂದಿಗೆ 1,000 ಶಾಲಾಮಕ್ಕಳನ್ನು ಪರಿಶೀಲಿಸಿ 1958ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯಕ್ಕೆ ಬುನಾದಿಯಾಯಿತು. ಮೂರು ತಿಂಗಳಲ್ಲಿ ಕನಿಷ್ಠ ಮೂರು ಸಲ, ಆಟಪಾಠಕ್ಕೆ ತೊಡಕಾಗುವಷ್ಟು ಬರುವ ಹೊಟ್ಟೆನೋವು ಸುಮಾರು ಹತ್ತರಲ್ಲೊಂದು ಮಗುವಿಗೆ ಇತ್ತೆಂದೂ, ಅವರಲ್ಲಿ ತೀರ ಕೆಲವರಲ್ಲಷ್ಟೇ ಆರ್ಗ್ಯಾನಿಕ್ ಕಾಯಿಲೆ ಸಿಕ್ಕಿತೆಂದೂ ಅವರು ಕಂಡುಕೊಂಡರು. ನೋವು ಹೊಕ್ಕುಳಿನಿಂದ ದೂರ ಸರಿದಷ್ಟೂ ಆರ್ಗ್ಯಾನಿಕ್ ಕಾರಣವನ್ನು ಹೆಚ್ಚು ಹುಡುಕಬೇಕು ಎಂಬ ಆ್ಯಪ್ಲಿಯವರ ಮಾತನ್ನು ವೈದ್ಯರು ಇಂದಿಗೂ ನೆನಪಿಸಿಕೊಳ್ಳುತ್ತಾರೆ.

ಆದರೆ ‘ಮರುಕಳಿಸುವ ಹೊಟ್ಟೆನೋವು’ ಎಂಬ ಒಂದೇ ಚೀಲದಲ್ಲಿ ಎಲ್ಲ ಮಕ್ಕಳನ್ನೂ ತುಂಬಿದರೆ ಚಿಕಿತ್ಸೆ ಕಷ್ಟ. ಹಾಗಾಗಿ 1980ರ ದಶಕದ ಕೊನೆಯಲ್ಲಿ ರೋಮ್ ನಗರದಲ್ಲಿ ಸೇರಿದ ತಜ್ಞರು ಲಕ್ಷಣಗಳ ಆಧಾರದಲ್ಲೇ ಫಂಕ್ಷನಲ್ ತೊಂದರೆಗಳನ್ನು ವಿಂಗಡಿಸುವ ಕೆಲಸ ಆರಂಭಿಸಿದರು. 1999ರ ಎರಡನೇ ಆವೃತ್ತಿಯಲ್ಲಿ ಮಕ್ಕಳಿಗೆ ಪ್ರತ್ಯೇಕ ಅಧ್ಯಾಯ ಸೇರಿತು, 2006ರಲ್ಲಿ ಅದು ಪರಿಷ್ಕೃತವಾಯಿತು, ಈಗ ವ್ಯಾಪಕವಾಗಿ ಬಳಕೆಯಲ್ಲಿರುವುದು 2016ರ ‘ರೋಮ್ 4’. ಈ ಆವೃತ್ತಿ ಒಂದು ಮುಖ್ಯವಾದ ಮಾತನ್ನು ಬದಲಿಸಿತು. ಮೊದಲು ‘ಆರ್ಗ್ಯಾನಿಕ್ ಕಾಯಿಲೆಯ ಯಾವ ಪುರಾವೆಯೂ ಇರಬಾರದು’ ಎಂಬ ಷರತ್ತಿದ್ದುದರಿಂದ ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸುವುದು ಅನಿವಾರ್ಯವೆನಿಸುತ್ತಿತ್ತು. ಈಗಿರುವುದು ‘ಸೂಕ್ತ ತಪಾಸಣೆಯ ನಂತರ ಲಕ್ಷಣಗಳಿಗೆ ಬೇರೆ ಕಾಯಿಲೆಯ ವಿವರಣೆ ಸಿಗದಿದ್ದರೆ’ ಎಂಬ ಷರತ್ತು. ಆ ‘ಸೂಕ್ತ’ ಎಷ್ಟು ಎಂಬುದನ್ನು ವೈದ್ಯರು ಮಗುವನ್ನು ನೋಡಿ ತೀರ್ಮಾನಿಸಬಹುದು, ಕೆಲವೊಮ್ಮೆ ಮಾತುಕತೆ ಮತ್ತು ದೈಹಿಕ ತಪಾಸಣೆಯೇ ಸಾಕಾಗಬಹುದು.

ವಿಂಗಡಣೆಯ ಮೊದಲ ಗೆರೆ ವಯಸ್ಸು. ಹುಟ್ಟಿದಂದಿನಿಂದ 4 ವರ್ಷದವರೆಗಿನವರದು ಒಂದು ಗುಂಪು, 4ರಿಂದ 18 ವರ್ಷದವರದು ಇನ್ನೊಂದು. ತನ್ನ ನೋವು ಎಲ್ಲಿದೆ, ಹೇಗಿದೆ ಎಂದು ಮಗು ತಾನೇ ಹೇಳಬಲ್ಲದೇ ಎಂಬುದು ಈ ಗೆರೆಯ ಹಿಂದಿರುವ ತರ್ಕ.

ಕೂಸಿನ ದಿನಗಳು

ಹಾಲು ಕುಡಿದ ಮೇಲೆ ಹೆಗಲ ಮೇಲಿನ ಬಟ್ಟೆ ಒದ್ದೆಯಾಗುವಂತೆ ಕಕ್ಕುವ ಕೂಸು ಎಲ್ಲರ ಮನೆಯಲ್ಲೂ ಇರುತ್ತದೆ. 3 ವಾರದಿಂದ 12 ತಿಂಗಳ ನಡುವಿನ ಕೂಸು ದಿನಕ್ಕೆ ಎರಡು ಸಲವೋ ಹೆಚ್ಚೋ ಕಕ್ಕುತ್ತಿದ್ದು, ಹಾಗೆ ಮೂರು ವಾರವಾಗಿದ್ದು, ತೂಕ ಸರಿಯಾಗಿ ಏರುತ್ತಿದ್ದರೆ ಅದು ಫಂಕ್ಷನಲ್ ಕಕ್ಕುವಿಕೆ. ಕಕ್ಕುವುದಕ್ಕೂ ವಾಂತಿಗೂ ವ್ಯತ್ಯಾಸವಿದೆ: ಕಕ್ಕುವಾಗ ಹಾಲು ತಾನಾಗಿ ತುಳುಕುತ್ತದೆ, ವಾಂತಿಯಲ್ಲಿ ಹೊಟ್ಟೆಯ ಸ್ನಾಯುಗಳು ಬಿಗಿದು ಹೊರದಬ್ಬುತ್ತವೆ. ನಾಲ್ಕು ತಿಂಗಳ ಹೊತ್ತಿಗೆ ಹೆಚ್ಚಾಗಿದ್ದು ವರ್ಷ ತುಂಬುವಷ್ಟರಲ್ಲಿ ಬಹುತೇಕ ನಿಂತುಹೋಗುವ ಇದಕ್ಕೆ ಆಮ್ಲ ಕಡಿಮೆ ಮಾಡುವ ಔಷಧ ಬೇಕಾಗುವುದಿಲ್ಲ.

ಮುಸ್ಸಂಜೆಯಾದರೆ ಸಮಾಧಾನವಿಲ್ಲದೆ ಅಳುವುದು ‘ಕೋಲಿಕ್’. ದಿನಕ್ಕೆ ಮೂರು ಗಂಟೆ, ವಾರಕ್ಕೆ ಮೂರು ದಿನ, ಮೂರು ವಾರ ಎಂಬ 1954ರ ಹಳೆಯ ‘ಮೂರರ ಸೂತ್ರ’ವನ್ನು ರೋಮ್ 4 ಸಡಿಲಿಸಿದೆ. ಐದು ತಿಂಗಳೊಳಗೆ ಆರಂಭವಾಗಿ ಐದು ತಿಂಗಳೊಳಗೇ ನಿಲ್ಲುವ, ಕಾರಣ ಕಾಣದ, ಸಮಾಧಾನಪಡಿಸಲಾಗದ ದೀರ್ಘ ಅಳು, ಜ್ವರವಿಲ್ಲ, ಬೆಳವಣಿಗೆಗೆ ಕುಂದಿಲ್ಲ ಎಂದಾದರೆ ಸಾಕು. ಆರನೆಯ ವಾರದ ಆಸುಪಾಸಿನಲ್ಲಿ ಅಳು ಶಿಖರಕ್ಕೇರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಅಷ್ಟರಲ್ಲಿ ದೃಷ್ಟಿ ತೆಗೆದಿರುತ್ತಾರೆ, ಹೊಕ್ಕುಳ ಸುತ್ತ ಹಿಂಗು ಹಚ್ಚಿರುತ್ತಾರೆ, ಗ್ರೈಪ್ ವಾಟರ್ ಬಾಟಲಿಗಳು ಖಾಲಿಯಾಗಿರುತ್ತವೆ. ಕೊನೆಗೆ ಮಾಡಿದ ಉಪಾಯಕ್ಕೆ ಕೀರ್ತಿ ಸಲ್ಲುತ್ತದೆ.

ಇನ್ನೊಂದನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಇದನ್ನು ಬಹುಪಾಲು ಮನೆಗಳಲ್ಲಿ ಮಲಬದ್ಧತೆ ಎಂದೇ ತಿಳಿಯುತ್ತಾರೆ. ಎರಡು ತಿಂಗಳ ಕೂಸು ಕಾಲು ಮೇಲೆತ್ತಿ, ಮುಖ ಕೆಂಪೇರಿಸಿ, ಹತ್ತು ಹದಿನೈದು ನಿಮಿಷ ತಿಣುಕುತ್ತ ಅಳುತ್ತದೆ. ಕೊನೆಗೆ ಬರುವುದು ಕಲಸಿದ ಸಾಸಿವೆಯಂಥ ಮೆತ್ತಗಿನ, ಹಳದಿ ಮಲ. ಮಲ ಇಷ್ಟು ಮೆತ್ತಗಿರುವಾಗ ಇದು ಮಲಬದ್ಧತೆಯಲ್ಲ. ಹೊಟ್ಟೆಯನ್ನು ಬಿಗಿಯುವ ಕ್ಷಣದಲ್ಲೇ ಕೆಳಗಿನ ಸ್ನಾಯುವನ್ನು ಸಡಿಲ ಬಿಡಬೇಕು ಎಂಬ ಹೊಂದಾಣಿಕೆಯನ್ನು ಕೂಸು ಇನ್ನೂ ಕಲಿತಿಲ್ಲ. ಬಾಗಿಲು ಹಾಕಿಕೊಂಡೇ ಒಳಗಿನಿಂದ ದೂಡಿದಂತಾಗುತ್ತದೆ. 9 ತಿಂಗಳೊಳಗಿನ ಕೂಸುಗಳಲ್ಲಿ ಕಾಣುವ ಇದಕ್ಕೆ ‘ಡಿಸ್ಕೀಸಿಯಾ’ ಎಂದು ಹೆಸರು. ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಗುದದ್ವಾರಕ್ಕೆ ಇಡುವ ನಮ್ಮ ಕಡೆಯ ರೂಢಿಯಿಂದ ಮಲವೇನೋ ಆ ಕ್ಷಣಕ್ಕೆ ಬರುತ್ತದೆ, ಆದರೆ ಹೊರಗಿನಿಂದ ಕೆಣಕಿದರಷ್ಟೇ ಬಿಡಬೇಕೆಂಬ ಪಾಠವನ್ನು ಕೂಸು ಕಲಿಯುವ ಅಪಾಯವಿರುವುದರಿಂದ ತಜ್ಞರು ಅದನ್ನು ಬೇಡವೆನ್ನುತ್ತಾರೆ. ಸ್ವಲ್ಪ ಕಾಲದಲ್ಲಿ ಕೂಸು ಆ ಹೊಂದಾಣಿಕೆಯನ್ನು ತಾನೇ ಕಲಿತುಕೊಳ್ಳುತ್ತದೆ.

ಅಂಬೆಗಾಲಿಡುವ, ಓಡಾಡುವ ವಯಸ್ಸಿನ ಮಗುವಿಗೆ ದಿನಕ್ಕೆ ನಾಲ್ಕೋ ಅದಕ್ಕಿಂತ ಹೆಚ್ಚೋ ಸಲ ನೋವಿಲ್ಲದ ತೆಳು ಮಲ, ಅದರಲ್ಲಿ ಬಟಾಣಿಯೋ ಕ್ಯಾರೆಟ್ ಚೂರೋ ಹಾಗೇ ಕಾಣುವುದು, ಹೀಗೆ ನಾಲ್ಕು ವಾರ ದಾಟಿದರೂ ಮಗು ಗುಂಡಗಿರುವುದು: ಇದು ಫಂಕ್ಷನಲ್ ಭೇದಿ. ಪ್ಯಾಕೆಟ್ ಹಣ್ಣಿನ ರಸ, ಸಿಹಿ ಪಾನೀಯಗಳು ಅತಿಯಾಗಿವೆಯೇ, ಊಟದಲ್ಲಿ ತುಪ್ಪ ಎಣ್ಣೆ ತೀರ ಕಡಿಮೆಯಿದೆಯೇ ಎಂದು ಮೊದಲು ನೋಡುತ್ತಾರೆ.

ಕಕ್ಕಸಿನ ಬಾಗಿಲ ಹಿಂದೆ

ಎಲ್ಲ ವಯಸ್ಸಿನಲ್ಲೂ ಹೆಚ್ಚಾಗಿ ಕಾಣುವ, ಹೆಚ್ಚಾಗಿ ತಪ್ಪಾಗಿ ಅರ್ಥವಾಗುವ ತೊಂದರೆ ಫಂಕ್ಷನಲ್ ಮಲಬದ್ಧತೆ. ಮೂರು ವರ್ಷದ ಹುಡುಗ ಇದ್ದಕ್ಕಿದ್ದಂತೆ ಆಟ ನಿಲ್ಲಿಸಿ ಬಾಗಿಲ ಹಿಂದೆ ಹೋಗುತ್ತಾನೆ. ಕಾಲುಗಳನ್ನು ಕತ್ತರಿಯಂತೆ ಹೆಣೆದು, ತುದಿಗಾಲಲ್ಲಿ ನಿಂತು, ಪರದೆಯನ್ನೋ ಕುರ್ಚಿಯನ್ನೋ ಬಿಗಿಯಾಗಿ ಹಿಡಿದು, ಮೈ ಸೆಟೆಸಿ ಬೆವರುತ್ತಾನೆ. ‘ಪಾಪ, ಮಾಡಲು ಎಷ್ಟು ಒದ್ದಾಡುತ್ತಿದೆ’ ಎಂದು ಮನೆಯವರು ಮರುಗುತ್ತಾರೆ. ನಡೆಯುತ್ತಿರುವುದು ಅದರ ತದ್ವಿರುದ್ಧ: ಮಗು ಮಲವನ್ನು ಹೊರಹಾಕಲು ಒದ್ದಾಡುತ್ತಿಲ್ಲ, ತಡೆಹಿಡಿಯಲು ಒದ್ದಾಡುತ್ತಿದೆ.

ಎಂದೋ ಒಮ್ಮೆ ಗಟ್ಟಿ ಮಲ ಬಂದು ಚರ್ಮ ಸೀಳಿ ಉರಿದಿರುತ್ತದೆ. ಮತ್ತೆ ಆ ನೋವು ಬೇಡವೆಂದು ಮಗು ತಡೆಯುತ್ತದೆ. ದೊಡ್ಡ ಕರುಳಿನ ಕೆಲಸವೇ ನೀರು ಹೀರುವುದಾದ್ದರಿಂದ, ತಡೆದ ಮಲ ಬಿಸಿಲಿಗಿಟ್ಟ ಜೇಡಿಮಣ್ಣಿನಂತೆ ಇನ್ನಷ್ಟು ಗಟ್ಟಿಯಾಗುತ್ತದೆ, ಮುಂದಿನ ಸಲ ಇನ್ನಷ್ಟು ನೋವು, ಮತ್ತಷ್ಟು ತಡೆ. ಹೀಗೆ ತಿಂಗಳುಗಳು ಕಳೆದಾಗ ಮಲಾಶಯ ಹಳೆಯ ಚಡ್ಡಿಯ ಇಲಾಸ್ಟಿಕ್ಕಿನಂತೆ ಹಿಗ್ಗಿ, ತುಂಬಿದೆ ಎಂಬ ಸುದ್ದಿಯನ್ನೇ ಕಳಿಸದಾಗುತ್ತದೆ. ಆಗ ಗಡ್ಡೆಗಟ್ಟಿದ ಮಲದ ಸಂದಿನಿಂದ ತೆಳುವಾದದ್ದು ಸೋರಿ ಚಡ್ಡಿಯಲ್ಲಿ ಕಲೆಯಾಗುತ್ತದೆ. ಮಗುವಿಗೆ ಅದರ ಅರಿವೂ ಇರುವುದಿಲ್ಲ. ಮನೆಯಲ್ಲಿ ಅದನ್ನು ಭೇದಿ ಎಂದು ತಿಳಿದು ಭೇದಿ ನಿಲ್ಲಿಸುವ ಔಷಧ ಕೊಟ್ಟರೆ, ಇಲ್ಲವೇ ಕೊಳಕು ಬುದ್ಧಿ ಎಂದು ಹೊಡೆದರೆ, ಎರಡೂ ತೊಂದರೆಯನ್ನು ಹೆಚ್ಚಿಸುತ್ತವೆ.

ಮಾನದಂಡ ಹೀಗಿದೆ: ವಾರಕ್ಕೆ ಎರಡೋ ಅದಕ್ಕಿಂತ ಕಡಿಮೆಯೋ ಸಲ ಮಲವಿಸರ್ಜನೆ, ಮೇಲೆ ಹೇಳಿದಂತೆ ತಡೆಹಿಡಿಯುವ ಭಂಗಿ, ಗಟ್ಟಿ ಅಥವಾ ನೋವಿನ ಮಲ, ಕಕ್ಕಸು ಕಟ್ಟಿಕೊಳ್ಳುವಷ್ಟು ದಪ್ಪ ಮಲ, ಮಲಾಶಯದಲ್ಲಿ ದೊಡ್ಡ ಗಡ್ಡೆ, ಕಕ್ಕಸಿಗೆ ಹೋಗುವುದನ್ನು ಕಲಿತ ಮೇಲೂ ವಾರಕ್ಕೊಮ್ಮೆಯಾದರೂ ಸೋರುವುದು. ಇವುಗಳಲ್ಲಿ ಎರಡಾದರೂ ಒಂದು ತಿಂಗಳ ಕಾಲ ಇರಬೇಕು. ದಿನಾ ಹೋಗುತ್ತಾನೆ ಎಂಬ ಒಂದೇ ಕಾರಣಕ್ಕೆ ಮಲಬದ್ಧತೆ ಇಲ್ಲವೆನ್ನಲಾಗದು. ಎದೆಹಾಲನ್ನಷ್ಟೇ ಕುಡಿಯುವ ಕೂಸು ನಾಲ್ಕೈದು ದಿನ ಮಲ ಮಾಡದೆ ಆಮೇಲೆ ಮೆತ್ತಗೆ ಮಾಡಿದರೆ ಅದೂ ಮಲಬದ್ಧತೆಯಲ್ಲ. ಶಾಲೆಯ ಕಕ್ಕಸು ಗಲೀಜೆಂದು ಬೆಳಗ್ಗೆಯಿಂದ ಸಂಜೆವರೆಗೆ ತಡೆಯುವ ಮಕ್ಕಳು ಈ ಗುಂಪಿಗೆ ಹೇಗೆ ಸೇರುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇದನ್ನೇ ಹೋಲುವ, ಆದರೆ ಬೇರೆಯಾದ ಇನ್ನೊಂದಿದೆ. ನಾಲ್ಕು ವರ್ಷ ದಾಟಿದ ಮಗು ಚಡ್ಡಿಯಲ್ಲೇ ಮಲ ಮಾಡುತ್ತದೆ, ಆದರೆ ಒಳಗೆ ಎಲ್ಲೂ ಮಲ ಕಟ್ಟಿಕೊಂಡಿರುವುದಿಲ್ಲ. ಇದಕ್ಕೆ ಮಲ ಸಡಿಲಿಸುವ ಔಷಧ ಕೊಟ್ಟರೆ ಹೆಚ್ಚೇ ಆಗುತ್ತದೆ. ವೈದ್ಯರು ಹೊಟ್ಟೆ ಒತ್ತಿ ನೋಡುವುದರ ಉದ್ದೇಶಗಳಲ್ಲಿ ಈ ಎರಡನ್ನು ಬೇರ್ಪಡಿಸುವುದೂ ಒಂದು.

ಹೊಟ್ಟೆನೋವಿನ ನಾಲ್ಕು ಕವಲು

ನಾಲ್ಕು ವರ್ಷ ದಾಟಿದ ಮಕ್ಕಳ ಫಂಕ್ಷನಲ್ ನೋವಿಗೆ ನಾಲ್ಕು ಹೆಸರುಗಳಿವೆ. ಅವುಗಳನ್ನು ಬೇರ್ಪಡಿಸಲು ಯಂತ್ರ ಬೇಕಿಲ್ಲ. ನೋವು ಊಟಕ್ಕೆ ಅಂಟಿಕೊಂಡಿದೆಯೋ, ಮಲಕ್ಕೆ ಅಂಟಿಕೊಂಡಿದೆಯೋ, ದಾಳಿಯಂತೆ ಬಂದು ಹೋಗುತ್ತದೆಯೋ, ಇವ್ಯಾವುದೂ ಅಲ್ಲವೋ ಎಂದು ಕೇಳಿದರೆ ದಾರಿ ತಾನಾಗಿ ಕವಲೊಡೆಯುತ್ತದೆ.

ಊಟಕ್ಕೆ ಅಂಟಿಕೊಂಡದ್ದು ಫಂಕ್ಷನಲ್ ಡಿಸ್ಪೆಪ್ಸಿಯಾ. ಎರಡು ತುತ್ತಿಗೇ ‘ಸಾಕು, ಹೊಟ್ಟೆ ತುಂಬಿತು’ ಎನ್ನುವುದು, ಉಂಡ ಮೇಲೆ ಭಾರ, ಹೊಕ್ಕುಳಿಗಿಂತ ಮೇಲೆ ನೋವು ಅಥವಾ ಉರಿ ಇದರ ಲಕ್ಷಣಗಳು. ಮಲ ಮಾಡಿದರೂ ಇದು ಬದಲಾಗುವುದಿಲ್ಲ. ತಿಂಗಳಿಗೆ ಕನಿಷ್ಠ ನಾಲ್ಕು ದಿನ, ಎರಡು ತಿಂಗಳ ಕಾಲ ಇರಬೇಕು.

ಮಲಕ್ಕೆ ಅಂಟಿಕೊಂಡದ್ದು ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್. ನೋವು ಮಲವಿಸರ್ಜನೆಯೊಂದಿಗೆ ಏರುವುದೋ ಇಳಿಯುವುದೋ, ಮಲ ಎಷ್ಟು ಸಲ ಎಂಬುದು ಬದಲಾಗುವುದು, ಮಲದ ರೂಪ ಬದಲಾಗುವುದು, ಇವುಗಳಲ್ಲಿ ಒಂದಾದರೂ ನೋವಿನ ಜೊತೆಗಿರಬೇಕು. ರೂಪವನ್ನು ಹೇಳಲು ಏಳು ಚಿತ್ರಗಳ ಬ್ರಿಸ್ಟಲ್ ಪಟ್ಟಿ ಬಳಕೆಯಲ್ಲಿದೆ: ಮೇಕೆ ಹಿಕ್ಕೆಯಂಥ ಉಂಡೆ ಒಂದನೆಯದು, ನೀರಿನಂಥದ್ದು ಏಳನೆಯದು. ನಾಚಿ ಬಾಯಿ ಬಿಡದ ಮಕ್ಕಳೂ ಚಿತ್ರದ ಮೇಲೆ ಬೆರಳಿಡುತ್ತಾರೆ.

ದಾಳಿಯಂತೆ ಬರುವುದು ಹೊಟ್ಟೆಯ ಮೈಗ್ರೇನ್. ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಹೊಕ್ಕುಳ ಸುತ್ತ ತೀವ್ರ ನೋವಿನಿಂದ, ಕನಿಷ್ಠ ಒಂದು ಗಂಟೆ, ಯಾವ ಕೆಲಸವೂ ಬೇಡವೆಂದು ಮಲಗಿಬಿಡುತ್ತದೆ. ಮುಖ ಬಿಳಿಚುವುದು, ವಾಕರಿಕೆ, ವಾಂತಿ, ಊಟ ಸೇರದಿರುವುದು, ತಲೆನೋವು, ಬೆಳಕು ಸಹಿಸಲಾಗದಿರುವುದು, ಇವುಗಳಲ್ಲಿ ಎರಡಾದರೂ ಜೊತೆಗಿರುತ್ತವೆ. ಆಮೇಲೆ ವಾರಗಟ್ಟಲೆ ಏನೂ ಇಲ್ಲ, ಮತ್ತೆ ಅಚ್ಚಿನಲ್ಲಿ ತೆಗೆದಂತೆ ಅದೇ ದಾಳಿ. ಆರು ತಿಂಗಳಲ್ಲಿ ಎರಡಾದರೂ ಆಗಿರಬೇಕು. ಮನೆಯಲ್ಲಿ ಯಾರಿಗಾದರೂ ಅರೆತಲೆನೋವು ಇದೆಯೇ ಎಂಬ ಪ್ರಶ್ನೆ ಇಲ್ಲಿ ತುಂಬ ಉಪಯುಕ್ತ. ದಾಳಿಯಲ್ಲಿ ನೋವಿಗಿಂತ ನಿಲ್ಲದ ವಾಂತಿಯೇ ಮುಂದಾಗಿದ್ದರೆ ಅದು ‘ಆವರ್ತ ವಾಂತಿ’.

ಈ ಮೂರಕ್ಕೂ ಹೊಂದದ್ದು ‘ನಿರ್ದಿಷ್ಟವಲ್ಲದ ಫಂಕ್ಷನಲ್ ಹೊಟ್ಟೆನೋವು’ ಎನಿಸಿಕೊಳ್ಳುತ್ತದೆ. ಹೆಸರು ಅಷ್ಟೇನೂ ಚೆನ್ನಾಗಿಲ್ಲ, ಆದರೆ ಮಕ್ಕಳೇನೋ ಈ ಗುಂಪಿನಲ್ಲಿ ಬಹಳ. ಉಂಡದ್ದನ್ನು ವಾಕರಿಕೆಯಿಲ್ಲದೆ ಬಾಯಿಗೆ ತಂದುಕೊಂಡು ಮೆಲುಕು ಹಾಕುವುದು, ಗಾಳಿ ನುಂಗಿ ಸಂಜೆಯ ಹೊತ್ತಿಗೆ ಹೊಟ್ಟೆ ತಮಟೆಯಾಗುವುದು ಕೂಡ ಪಟ್ಟಿಯಲ್ಲಿ ಬೇರೆಯಾಗಿಯೇ ಇವೆ.

ಯಾವಾಗ ಇದನ್ನು ಫಂಕ್ಷನಲ್ ಎನ್ನಬಾರದು

ಕೂಸು ಹಸಿರು ಬಣ್ಣದ ವಾಂತಿ ಮಾಡಿದರೆ ಕರುಳು ತಿರುಚಿಕೊಂಡಿರುವ ಸಾಧ್ಯತೆಯಿದ್ದು, ಅದು ಬೆಳಗಾಗುವವರೆಗೆ ಕಾಯುವ ವಿಷಯವಲ್ಲ. ಕೆಲವು ವಾರದ ಕೂಸು ಪಿಚಕಾರಿಯಂತೆ ದೂರಕ್ಕೆ ಚಿಮ್ಮುವ ವಾಂತಿ ಮಾಡುವುದು, ಹುಟ್ಟಿದ 48 ಗಂಟೆಯಲ್ಲಿ ಮೊದಲ ಕಪ್ಪು ಮಲ ಹೋಗದಿರುವುದು, ಬಿಟ್ಟುಬಿಟ್ಟು ಚೀರುತ್ತ ಕಾಲು ಮಡಚಿಕೊಳ್ಳುವ ಕೂಸಿನ ಮಲದಲ್ಲಿ ರಕ್ತ ಮತ್ತು ಲೋಳೆ ಕಾಣುವುದು, ಇವೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು.

ದೊಡ್ಡ ಮಕ್ಕಳಲ್ಲಿ ತೂಕ ಇಳಿಯುವುದು ಅಥವಾ ಎತ್ತರ ನಿಲ್ಲುವುದು, ಕಾರಣವಿಲ್ಲದ ಜ್ವರ, ಮಲದಲ್ಲಿ ಅಥವಾ ವಾಂತಿಯಲ್ಲಿ ರಕ್ತ, ನಿದ್ದೆಯಿಂದೆಬ್ಬಿಸುವ ಭೇದಿ, ನುಂಗಲು ಕಷ್ಟ, ಕೀಲುಗಳ ಊತ, ಗುದದ್ವಾರದ ಸುತ್ತ ಹುಣ್ಣು, ಬಲ ಮೇಲ್ಭಾಗದಲ್ಲೋ ಬಲ ಕೆಳಭಾಗದಲ್ಲೋ ನೆಲೆಯೂರಿದ ನೋವು, ಮನೆತನದಲ್ಲಿ ಕರುಳಿನ ಉರಿಯೂತ ಅಥವಾ ಸೀಲಿಯಾಕ್ ಕಾಯಿಲೆ (ಗೋಧಿಯಲ್ಲಿರುವ ಗ್ಲೂಟೆನ್ ಕರುಳಿಗೆ ಹಾನಿ ಮಾಡುವ ಕಾಯಿಲೆ) ಇರುವುದು, ಇವುಗಳಲ್ಲಿ ಒಂದಿದ್ದರೂ ಹೆಚ್ಚಿನ ತಪಾಸಣೆ ಬೇಕು. ಹೊಕ್ಕುಳ ಬಳಿ ಆರಂಭವಾಗಿ ಗಂಟೆಗಳಲ್ಲಿ ಬಲ ಕೆಳಭಾಗಕ್ಕೆ ಸರಿಯುವ ನೋವು ಅಪೆಂಡಿಕ್ಸಿನದಾಗಿರಬಹುದು. ನಮ್ಮ ದೇಶದಲ್ಲಿ ಹೊಟ್ಟೆಯ ಕ್ಷಯವೂ ವೈದ್ಯರ ಮನಸ್ಸಿನಲ್ಲಿರುತ್ತದೆ. ತೂಕದ ವಿಚಾರದಲ್ಲಿ ಊಹೆಗಿಂತ ತಾಯಿ ಕಾರ್ಡಿನ ಬೆಳವಣಿಗೆಯ ಗೆರೆಯೋ ಶಾಲೆಯ ಆರೋಗ್ಯ ತಪಾಸಣೆಯ ದಾಖಲೆಯೋ ಹೆಚ್ಚು ನಂಬಿಕೆಗೆ ಅರ್ಹ.

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಮೆಸೆಂಟರಿಕ್ ಲಿಂಫ್ ನೋಡ್’ ಎಂಬ ಪದ ಕಂಡು ಗಾಬರಿಯಾಗುವವರು ಬಹಳ. ಕರುಳಿನ ಬಳಿಯ ಸಣ್ಣ ದುಗ್ಧಗ್ರಂಥಿಗಳು ಆರೋಗ್ಯವಾಗಿರುವ ಎಷ್ಟೋ ಮಕ್ಕಳಲ್ಲೂ ಕಾಣಸಿಗುತ್ತವೆ. ಬೇರೆ ಅಪಾಯದ ಸೂಚನೆ ಇಲ್ಲದಿದ್ದರೆ ಅವೇ ನೋವಿನ ಕಾರಣವೆಂದು ತೀರ್ಮಾನಿಸುವಂತಿಲ್ಲ. ಚಿಕ್ಕಪ್ಪನ ಜಂತುಹುಳುವಿನ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2015ರಿಂದ ನಡೆಯುತ್ತಿರುವುದು ಅದಕ್ಕಾಗಿಯೇ. ಆದರೆ ಮಾತ್ರೆ ನುಂಗಿಯೂ ಉಳಿದ ನೋವಿಗೆ ಮತ್ತೆ ಮತ್ತೆ ಅದೇ ಮಾತ್ರೆ ಉತ್ತರವಲ್ಲ.

ಹೆಸರು ತಿಳಿದರೆ ಏನು ಬದಲಾಗುತ್ತದೆ

ಮಲಬದ್ಧತೆಯಲ್ಲಿ ಮೊದಲು ಕಟ್ಟಿಕೊಂಡದ್ದನ್ನು ಖಾಲಿ ಮಾಡಿ, ಆಮೇಲೆ ಪಾಲಿಇಥಿಲೀನ್ ಗ್ಲೈಕಾಲ್ ಅಥವಾ ಲ್ಯಾಕ್ಟುಲೋಸ್‌ನಂಥ ಔಷಧವನ್ನು ಕನಿಷ್ಠ ಎರಡು ತಿಂಗಳು ಕೊಟ್ಟು, ಲಕ್ಷಣಗಳು ಹೋಗಿ ಒಂದು ತಿಂಗಳಾದ ಮೇಲೆ ನಿಧಾನವಾಗಿ ಇಳಿಸುತ್ತಾರೆ. ಮಗು ಇದಕ್ಕೆ ಒಗ್ಗಿಹೋಗುತ್ತದೆ ಎಂದು ಹೆದರಿ ವಾರಕ್ಕೇ ನಿಲ್ಲಿಸುವುದೇ ತೊಂದರೆ ಮರುಕಳಿಸಲು ದೊಡ್ಡ ಕಾರಣ. ಉಂಡ ಮೇಲೆ ಕರುಳು ತಾನಾಗಿ ಚುರುಕಾಗುವುದರಿಂದ ಆಗ ಐದು ಹತ್ತು ನಿಮಿಷ ಕೂರಿಸುವುದು, ಕಮೋಡ್ ಆದರೆ ಕಾಲು ಜೋತಾಡದಂತೆ ಕೆಳಗೆ ಮಣೆಯಿಡುವುದು ಔಷಧದಷ್ಟೇ ಮುಖ್ಯ. ಮೈಗ್ರೇನ್ ಬಗೆಯದಕ್ಕೆ ನಿದ್ರೆ, ಹೊತ್ತಿಗೆ ಸರಿಯಾದ ಊಟ, ಬೇಕಾದರೆ ಮೈಗ್ರೇನ್ ತಡೆಯುವ ಔಷಧ. ಐಬಿಎಸ್ ಮತ್ತು ನಿರ್ದಿಷ್ಟವಲ್ಲದ ನೋವಿನಲ್ಲಿ ನೋವಿನ ಬಗೆಗಿನ ಯೋಚನೆ, ವರ್ತನೆಗಳನ್ನು ಬದಲಿಸಿಕೊಳ್ಳಲು ಕಲಿಸುವ ಅರಿವಿನ ವರ್ತನಾ ಚಿಕಿತ್ಸೆ ಮತ್ತು ಕರುಳನ್ನು ಗುರಿಯಾಗಿಸಿದ ಸಂಮೋಹನ ಚಿಕಿತ್ಸೆಗೆ ಒಳ್ಳೆಯ ಪುರಾವೆಯಿದೆ. ಮಗುವಿನ ತಲೆ ಕೆಟ್ಟಿದೆ ಎಂದು ಇದರ ಅರ್ಥವಲ್ಲ. ಮೈಕಿನ ಗುಂಡಿಯನ್ನು ಮೆದುಳಿನ ಕಡೆಯಿಂದಲೂ ತಿರುಗಿಸಬಹುದು, ಅಷ್ಟೇ.

ಮುಂದಿನ ಭೇಟಿಗೆ ಒಯ್ಯಲು ಇನ್ನೊಂದು ರಿಪೋರ್ಟಿಗಿಂತ ಎರಡು ವಾರದ ನೋಟ್‌ಬುಕ್ ಹೆಚ್ಚು ಕೆಲಸಕ್ಕೆ ಬರುತ್ತದೆ: ನೋವು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿತ್ತು, ಊಟ ಯಾವಾಗ ಆಗಿತ್ತು, ಮಲ ಯಾವಾಗ ಹೋಯಿತು, ಬ್ರಿಸ್ಟಲ್ ಪಟ್ಟಿಯಲ್ಲಿ ಎಷ್ಟನೆಯದು, ಆಮೇಲೆ ನೋವೇನಾಯಿತು, ಅಂದು ಶಾಲೆಗೆ ಹೋದಳೇ. ಮೊದಲು ಹೇಳಿದ ಎಂಟು ವರ್ಷದ ಹುಡುಗಿಯ ಪುಸ್ತಕದಲ್ಲಿ, ನೋವು ಬಂದ ದಿನಗಳಿಗೆ ಹಿಂದಿನ ಮೂರು ದಿನವೂ ಮಲದ ಅಂಕಣ ಖಾಲಿ ಇತ್ತು ಎಂದುಕೊಳ್ಳೋಣ. ಆಗ ವೈದ್ಯರು ಮೊದಲು ಮಲಬದ್ಧತೆಗೆ ಚಿಕಿತ್ಸೆ ಕೊಟ್ಟು ಕಾಯುತ್ತಾರೆ. ಮಲ ಸರಾಗವಾಗುತ್ತಿದ್ದಂತೆ ನೋವೂ ಹೋದರೆ, ರೋಮ್ 4ರ ಪ್ರಕಾರ ಅವಳದು ಫಂಕ್ಷನಲ್ ಮಲಬದ್ಧತೆ. ಮಲ ಸರಿಹೋಗಿಯೂ ನೋವು ಉಳಿದರೆ ಫೈಲಿನಲ್ಲಿ ಬರೆಯುವ ಹೆಸರು ಐಬಿಎಸ್.